ಸರದ ದೀಪ, ಮನಿ ದೀಪ

ಹಳೇ ದೀಪಾವಳಿ ಸರದಾಗ ಒಂದು ಬಲ್ಬ್ ಹೋತಂದ್ರ ಎಲ್ಲಾ ಆರ್ತಿದ್ವು, ನೆನಪದ ಅಲ್ರೀ? ಕರೆಂಟು ಸುತ್ತಿ ವಾಪಸ್ ಬಂದ್ರಷ್ಟ ಹರೀತದ; ಸರದಾಗ ಎಲ್ಲಾ ಬಲ್ಬಿಗೂ ಒಂದ ದಾರಿ. ಮೊದಲು ಊರಬೀದಿಯ ಆರ್ಕ್ ದೀಪಗಳನ್ನೂ ಹೆಚ್ಚಾಗಿ ಹಿಂಗ ಪೋಣಿಸ್ತಿದ್ರು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಎಡಿಸನ್ ಕರೆಂಟು ಕೊಟ್ಟಾಗ, ಪ್ರತಿ ಬಲ್ಬಿಗೂ ಬ್ಯಾರೆ ದಾರಿ ಮಾಡಿದ್ದ. ನಮ್ಮ ಮನಿ ವೈರಿಂಗೂ ಹಂಗ. ಅಡಗಿಮನಿ ಬಲ್ಬ್ ಹೋದ್ರೂ ದೇವರಮನಿದು ಉರೀತದ.

ಆದ್ರ ದಾರಿ ಹೆಚ್ಚಾದಂಗ ಮೇನ್ ವೈರಿನ ಮ್ಯಾಲೆ ಭಾರ ಹೆಚ್ಚು. ಅದಕ್ಕ ಫ್ಯೂಸು: ಸಣ್ಣ ತಂತಿ ಮೊದಲು ಕರಗಿ ದಾರಿ ಕಡೀತದ. ನಮ್ಮವ್ವ ಪದೇ ಪದೇ ಹೋಗ್ತದಂತ ಅಲ್ಲಿ ದಪ್ಪ ತಂತಿ ಕಟ್ಟಿಸಿದ್ಲು. ಒಂದಿನ ಗ್ವಾಡ್ಯಾಗಿನ ವೈರ ಸುಟ್ಟಿತು. ನೀವು ಹಂಗ ಮಾಡಬ್ಯಾಡ್ರೀ.