ಹಿತ್ತಲಲ್ಲಿ ಬೆಳೆಯದ ಒಂದೇ ಒಂದು ವಸ್ತು

ಹೋದ ವರ್ಷ ನನ್ನ ಭರಣಿ ಕೆಟ್ಟಿತು. ಭರಣಿ ಕೆಡುವುದು ಅಂದರೆ ಎಷ್ಟು ದೊಡ್ಡ ಅವಮಾನ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿಂದ ಐನೂರು ಮಾವಿನಮಿಡಿ ತರಿಸಿ, ತೊಟ್ಟು ಸ್ವಲ್ಪ ಉಳಿಸಿ, ಒಂದು ಪದರ ಮಿಡಿ ಒಂದು ಪದರ ಹರಳುಪ್ಪು ಅಂತ ಶಾಸ್ತ್ರೋಕ್ತವಾಗಿಯೇ ತುಂಬಿದ್ದೆ. ಆದರೆ ಆ ವರ್ಷವೇ ಡಾಕ್ಟರು ನನ್ನ ಬಿಪಿ ನೋಡಿ "ಉಪ್ಪು ಕಮ್ಮಿ ಮಾಡಿ" ಅಂದಿದ್ದರು. ನಾನು ಊಟದಲ್ಲಿ ಕಮ್ಮಿ ಮಾಡುವುದು ಬಿಟ್ಟು ಭರಣಿಯಲ್ಲಿ ಕಮ್ಮಿ ಮಾಡಿದೆ! ಮೂರು ವಾರಕ್ಕೆ ಬಟ್ಟೆ ಬಿಚ್ಚಿ ನೋಡಿದರೆ ಮೇಲೆ ಬಿಳಿ ಕೆನೆ, ಕೆಳಗೆ ಮೆತ್ತಗಾದ ಮಿಡಿ. ಎಲ್ಲವನ್ನೂ ಚೆಲ್ಲಿದೆ.

ಅಮ್ಮಮ್ಮ ಇದ್ದಿದ್ದರೆ ಬೈಯುತ್ತಿದ್ದಳು. "ಉಪ್ಪಿಗೆ ಜಿಪುಣತನ ಮಾಡಡ ಮಾಣಿ" ಅನ್ನುವುದು ಅವಳ ಮಾತು. ಮಜಾ ಏನೆಂದರೆ, ಅದೇ ಅಮ್ಮಮ್ಮ ಉಪ್ಪಿನ ವಿಷಯದಲ್ಲಿ ಮಹಾ ಜಿಪುಣಿ. ಮಿಡಿ ಬಿಟ್ಟ ಉಪ್ಪುನೀರನ್ನು ಒಂದು ಹನಿಯೂ ಚೆಲ್ಲಲು ಬಿಡುತ್ತಿರಲಿಲ್ಲ. ಮಸಾಲೆ ಕಲಸಿ ಮಿಕ್ಕಿದ್ದು ಬಾಟಲಿಗೆ ಹೋಗಿ, ಮಳೆಗಾಲವಿಡೀ ತಂಬುಳಿಗೆ, ಗೊಜ್ಜಿಗೆ ಬೀಳುತ್ತಿತ್ತು. ಭರಣಿಗೆ ಧಾರಾಳ, ಉಳಿದದ್ದಕ್ಕೆ ಲೆಕ್ಕ. ಯಾಕೆ ಹೀಗೆ ಅಂತ ಆಗ ಕೇಳಲಿಲ್ಲ. ಭರಣಿ ಕೆಟ್ಟ ಮೇಲೆ ಯೋಚಿಸುತ್ತಾ ಕೂತೆ, ಒಂದಿಷ್ಟು ಓದಿದೆ. ಆ ಓದಿನ ಫಲ ಈ ಬರಹ.

ನಮ್ಮ ಸಿದ್ದಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ರೀತಿಗೆ ಹಿತ್ತಲಲ್ಲಿ ಕೆಸು, ಕಳಲೆ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಪೇಟೆಗೆ ಹೋಗೋಣ ಅಂದರೆ ಹಳ್ಳ ತುಂಬಿರುತ್ತಿತ್ತು. ಹಾಗಾಗಿ ಬೇಸಿಗೆಯ ಹಿತ್ತಲು ಮಳೆಗಾಲಕ್ಕಾಗಿ ದುಡಿಯುತ್ತಿತ್ತು. ಮೊಗೆಕಾಯಿಗಳು ಬಾಳೆನಾರಿನ ಕುಣಿಕೆಯಲ್ಲಿ ಅಟ್ಟದಿಂದ ನೇತಾಡುತ್ತಿದ್ದವು. ಬೂದುಗುಂಬಳ ಮೂಲೆಯಲ್ಲಿ ಕೂತಿರುತ್ತಿತ್ತು. ಹಲಸಿನಕಾಯಿ ಅರ್ಧ ಹಪ್ಪಳವಾಗುತ್ತಿತ್ತು, ಇನ್ನರ್ಧ ಉಪ್ಪುನೀರಿನಲ್ಲಿ ಮುಳುಗಿ ಉಪ್ಪುಸೊಳೆಯಾಗುತ್ತಿತ್ತು. ಮುಂದಿನ ವರ್ಷದ ಬೀಜ ಕೂಡ ಬೂದಿಯ ಜತೆ ಮನೆಯೊಳಗೇ ಇರುತ್ತಿತ್ತು.

ಇದನ್ನೆಲ್ಲ ನೆನೆದಾಗ ನಾವು ಒಂದು ಮಾತು ಹೇಳಿಬಿಡುತ್ತೇವೆ: "ಹಿಂದಿನವರು ಸ್ವಾವಲಂಬಿಗಳು, ಎಲ್ಲವೂ ಹಿತ್ತಲಲ್ಲೇ." ನಾನೂ ಹಾಗೇ ಬರೆದುಕೊಂಡು ಬಂದವನೇ. ಆದರೆ ಈ ಪಟ್ಟಿಯಲ್ಲಿ ಹಿತ್ತಲಲ್ಲಿ ಬೆಳೆಯದ ವಸ್ತು ಒಂದಿದೆ. ಅದಿಲ್ಲದೆ ಮಿಡಿಯೂ ಇಲ್ಲ, ಸೊಳೆಯೂ ಇಲ್ಲ. ಉಪ್ಪು.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ತಮಿಳರು "ಊರುಗಾಯ್" ಅನ್ನುತ್ತಾರೆ, ಅಂದರೆ ನೆನೆದ ಕಾಯಿ. ಹಿಂದಿಯ "ಅಚಾರ್" ಪಾರ್ಸಿಯಿಂದ ಬಂದದ್ದು. ನಾವು ಮಾತ್ರ ನೇರವಾಗಿ ಉಪ್ಪಿನ ಕಾಯಿ ಅಂದೆವು. ಪಕ್ಕದ ಮರಾಠಿಯ "ಲೋಣಚೆ"ಯಲ್ಲೂ ಇರುವುದು ಲವಣವೇ. ಹೆಸರಿನಲ್ಲಿ ಖಾರ ಇಲ್ಲ ಗಮನಿಸಿ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಇಳಿಯಿತು. ನಮ್ಮ ಕಾಳುಮೆಣಸಿನ ಹೆಸರನ್ನೇ ಎರವಲು ಪಡೆದು "ಮೆಣಸಿನ ಕಾಯಿ" ಆಯಿತು. ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ ಅವರು, 1594ರಲ್ಲಿ ಗುರುಲಿಂಗ ದೇಶಿಕ ಬರೆದ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪ ಇದೆ ಎನ್ನುತ್ತಾರೆ. ಮೆಣಸಿನಕಾಯಿ ಆಗಿನ್ನೂ ಹೊಸಬ. ಐವತ್ತನ್ನೂ ಕಾಪಾಡಿದ್ದು ಉಪ್ಪೇ ಇರಬೇಕು.

ಕಾಪಾಡುವುದು ಹೇಗೆ? ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಅದಕ್ಕೇ ನಾವು ನೀರು ಹಾಕದಿದ್ದರೂ ವಾರದಲ್ಲಿ ಮಿಡಿ ಸುಕ್ಕಾಗಿ ತನ್ನದೇ ನೀರಿನಲ್ಲಿ ಮುಳುಗುವುದು. ಕೊಳೆಸುವ ಸೂಕ್ಷ್ಮಜೀವಿಗಳಿಗೂ ನೀರು ಬೇಕು, ಉಪ್ಪು ಅದನ್ನು ಕೈಗೆ ಸಿಗದಂತೆ ಮಾಡುತ್ತದೆ. ಜತೆಗೆ ಮಿಡಿಯ ಹುಳಿಯೂ ಇದೆ. ಉಪ್ಪು ಸಾಲದಿದ್ದರೆ ಬಿಳಿ ಕೆನೆ ಕಟ್ಟುತ್ತದೆ. ನನ್ನ ಭರಣಿಯಲ್ಲಿ ಆದದ್ದು ಅದೇ. ಅಂದರೆ ಇಲ್ಲಿ ಉಪ್ಪು ರುಚಿಗಲ್ಲ. ಉಪ್ಪೇ ಬಾಗಿಲಿನ ಚಿಲಕ.

ಈಗ ಆ ಚಿಲಕ ಯಾರ ಕೈಯಲ್ಲಿತ್ತು ನೋಡಿ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕಡಲು, ಎರಡು ಕಾನೂನು: ಮದ್ರಾಸಿಗೆ 1889ರ ಉಪ್ಪಿನ ಕಾಯಿದೆ, ಮುಂಬೈಗೆ 1890ರದ್ದು. ಎರಡರ ಸಾರವೂ ಒಂದೇ, ಪರವಾನಗಿ ಇಲ್ಲದೆ ಉಪ್ಪು ಮಾಡಿದರೆ ಅಪರಾಧ. 1882ರಲ್ಲಿ ಮಣಕ್ಕೆ 2 ರೂಪಾಯಿ ಇದ್ದ ಕರ 1888ರಲ್ಲಿ ಎರಡೂವರೆಯಾಯಿತು, 1907ರಲ್ಲಿ 1 ರೂಪಾಯಿಗೆ ಇಳಿಯಿತು, 1923ರಲ್ಲಿ ಮತ್ತೆ ಎರಡೂವರೆಗೆ ಏರಿ, ಮರುವರ್ಷ ಒಂದೂಕಾಲಿಗೆ ಬಂದು ನಿಂತಿತು.

ಸ್ವಲ್ಪ ಮನೆಲೆಕ್ಕ ಮಾಡೋಣ. ಆ ಮಣ ಅಂದರೆ ಸುಮಾರು 37 ಕೆಜಿ. ನಮ್ಮದರಂತಹ ದೊಡ್ಡ ಮನೆಗೆ ಮಿಡಿ, ಸೊಳೆ, ಹಪ್ಪಳ, ಸಂಡಿಗೆ ಎಲ್ಲ ಸೇರಿ ವರ್ಷಕ್ಕೆ 20 ಕೆಜಿ ಉಪ್ಪು ಬೇಕಿತ್ತು ಅಂತ ಇಟ್ಟುಕೊಳ್ಳಿ. 1930ರ ದರದಲ್ಲಿ ಅದರ ಮೇಲಿನ ಕರವೇ ಸುಮಾರು 11 ಆಣೆ. ಉಪ್ಪಿನ ಬೆಲೆ, ಘಟ್ಟ ಹತ್ತಿಸಿದ ಕೂಲಿ ಬೇರೆ. ಮಿಡಿ ಹೊಳೆದಂಡೆಯದು, ಹಲಸು ಹಿತ್ತಲಿನದು, ದುಡಿಮೆ ಹೆಂಗಸರದು, ಯಾವುದಕ್ಕೂ ಕಾಸು ಕೊಟ್ಟದ್ದಿಲ್ಲ. ಆದರೂ ಪ್ರತಿ ಭರಣಿಯಲ್ಲೂ ಸರ್ಕಾರದ ಪಾಲೊಂದು ಇತ್ತು. ಮಳೆಗಾಲದಲ್ಲಿ ತರಕಾರಿ ಕೊಳ್ಳಲಾಗದವನು ಹೆಚ್ಚು ಉಪ್ಪು ಹಾಕಿ ಇಡಬೇಕು, ಹೆಚ್ಚು ಉಪ್ಪು ಕೊಂಡವನು ಹೆಚ್ಚು ಕರ ಕಟ್ಟಬೇಕು. ಬಡವನ ಹಿತ್ತಲಿಗೇ ಬಿದ್ದ ಕರ ಇದು.

1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ನಮಗೆಲ್ಲ ಗೊತ್ತು. ಆ ನಡಿಗೆಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವರೂ ಇದ್ದರು. ವಾರ ಕಳೆದು ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕಾನೂನು ಮುರಿಯಿತು. ಶಾಲೆಯಲ್ಲಿ ಇದನ್ನು ಓದುವಾಗ "ಉಪ್ಪು ಒಂದು ಸಂಕೇತ" ಅಂತ ಮೇಷ್ಟ್ರು ಹೇಳಿದ್ದರು, ನಾನೂ ಪರೀಕ್ಷೆಯಲ್ಲಿ ಹಾಗೇ ಬರೆದಿದ್ದೆ. ಆದರೆ ತಿಂಗಳು ನೋಡಿ. ಏಪ್ರಿಲ್! ಮಿಡಿ ಇಳಿದು, ಹಲಸು ಬಲಿತು, ಸಂಡಿಗೆಗೆ ಬಿಸಿಲು ಬಿದ್ದು, ಮನೆಮನೆಗೂ ವರ್ಷದ ಉಪ್ಪು ಬೇಕಾದ ಕಾಲ. ಅಂಕೋಲೆಯ ಸುತ್ತಿನ ಅಡಿಗೆಮನೆಗಳಿಗೆ ಅದು ಬರೀ ಸಂಕೇತವಾಗಿರಲಿಕ್ಕಿಲ್ಲ.

1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಉಪ್ಪು ಸಿಗುವ ಜಾಗದ ಅಕ್ಕಪಕ್ಕದ ಹಳ್ಳಿಗರಿಗೆ ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲು, ಆ ಹಳ್ಳಿಗಳೊಳಗೆ ಮಾರಲು ಅವಕಾಶವಾಯಿತು. ಹೊರಗಿನವರಿಗೆ ಮಾರುವಂತಿಲ್ಲ. ಅಂದರೆ ಕರಾವಳಿಯ ಭರಣಿಗೆ ಬಿಡುಗಡೆ, ಘಟ್ಟದ ಮೇಲಿನ ನಮ್ಮ ಭರಣಿಗೆ ಇಲ್ಲ! ಉಪ್ಪಿನ ಕರ ಪೂರ್ತಿ ಹೋದದ್ದು 1947ರಲ್ಲಿ.

ಈ ನಡುವೆ ಅಂಕೋಲೆ, ಸಿದ್ದಾಪುರಗಳಲ್ಲಿ ಭೂಕಂದಾಯ ಕೊಡದ ಕರನಿರಾಕರಣೆ ನಡೆಯಿತು, ಆಸ್ತಿಗಳು ಜಪ್ತಿಯಾದವು. 1932ರಲ್ಲಿ ಜಪ್ತಿ ಆಸ್ತಿ ಕೊಂಡವರ ಮನೆಯ ಮುಂದೆ ನಮ್ಮ ಸೀಮೆಯ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ, ಜೋಗಕ್ಕೆ ಹೋಗುವವರು ಒಮ್ಮೆ ನಿಂತು ನೋಡಿ. ವರ್ಷದ ಊಟವನ್ನು ಬೇಸಿಗೆಯಲ್ಲೇ ಕೂಡಿಡುತ್ತಿದ್ದ ಹೆಂಗಸರು ಅವರು. ಜಪ್ತಿ ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಅಮ್ಮಮ್ಮ ಹುಟ್ಟಿದ್ದು ಇದಾದ ಮೇಲೆ. ಆದರೆ ಅವಳಿಗೆ ಭರಣಿ ಹಾಕಲು ಕಲಿಸಿದ ಅತ್ತೆ ಆ ಕಾಲ ಕಂಡವರು. ಉಪ್ಪುನೀರು ಚೆಲ್ಲದ ಆ ಜಿಪುಣತನ ಅಲ್ಲಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ. ಕೇಳಬೇಕಾದವರು ಇಬ್ಬರೂ ಈಗಿಲ್ಲ. ಅಮ್ಮಮ್ಮನ ಹತ್ತಿರ ಮಿಡಿಯ ಅಳತೆ ಕೇಳಿ ಬರೆದುಕೊಂಡೆ, ಉಪ್ಪಿನ ಕತೆ ಕೇಳಲಿಲ್ಲ. ಈಗ ಹೊಟ್ಟೆ ಉರಿಯುತ್ತಿರುವುದು ಭರಣಿ ಕೆಟ್ಟದ್ದಕ್ಕಲ್ಲ, ಇದಕ್ಕೆ.

ಈ ಸಲ ಬೇಸಿಗೆಯಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟೆಗೆ ಹೋಗಿದ್ದೆ. ಅಘನಾಶಿನಿ ಕಡಲು ಸೇರುವಲ್ಲಿ ಚೌಕ ಚೌಕ ಗದ್ದೆಗಳು, ಅಲ್ಲಲ್ಲಿ ಉಪ್ಪಿನ ರಾಶಿ. ಅಲ್ಲಿ ನಿಂತಾಗ ಹೊಳೆಯಿತು, ನನ್ನ ಮಿಡಿ ಬರುವುದೂ ಇದೇ ಅಘನಾಶಿನಿಯ ಮೇಲ್ದಂಡೆಯಿಂದ! ಹೊಳೆಯ ತಲೆಯಲ್ಲಿ ಮಾವು, ಬಾಯಲ್ಲಿ ಉಪ್ಪು. ಎರಡೂ ಸೇರಲು ನಡುವೆ ಒಂದು ಘಟ್ಟ, ಒಂದು ಕಾಯಿದೆ ದಾಟಬೇಕಾಗಿತ್ತು ಅಷ್ಟೇ.

ಎರಡು ಕೆಜಿ ಹರಳುಪ್ಪು ತಂದೆ. ಮಿಡಿಯ ಕಾಲು ತೂಕ ಹಾಕಿದೆ, ಅಮ್ಮಮ್ಮನ ಲೆಕ್ಕ. ಭರಣಿ ಬೆಂಗಳೂರಿನ ಬಾಲ್ಕನಿಯ ನೆರಳಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದೆ, ಈವರೆಗೆ ಕೆಟ್ಟಿಲ್ಲ. ಡಾಕ್ಟರಿಗೆ ಕೊಟ್ಟ ಮಾತಿನ ಪ್ರಕಾರ ಊಟಕ್ಕೆ ಅರ್ಧ ಮಿಡಿ ಮಾತ್ರ.

ನಿಮ್ಮನೆಯಲ್ಲಿ ಭರಣಿ ಹಾಕುವ ಹಿರಿಯರು ಇನ್ನೂ ಇದ್ದರೆ ಅಳತೆ ಆಮೇಲೆ ಕೇಳಿ. ಉಪ್ಪು ಎಲ್ಲಿಂದ ಬರುತ್ತಿತ್ತು, ಯಾರು ತರುತ್ತಿದ್ದರು, ಎಷ್ಟು ಕೊಡುತ್ತಿದ್ದಿರಿ ಅಂತ ಮೊದಲು ಕೇಳಿ. ಕೇಳಿದ್ದನ್ನು ಬರೆಯಿರಿ, ನಾನು ಓದಲು ಕಾಯುತ್ತಿರುತ್ತೇನೆ.