ಚರ್ಮದ ಒಳಗಿದ್ದರೆ ದುಡ್ಡು, ಹೊರಗಿದ್ದರೆ ಇಲ್ಲ: ಇನ್ಸುಲಿನ್ ಪಂಪ್ ಮತ್ತು ಮೆಡಿಕ್ಲೈಮ್‌ನ ಕಥೆ

ಬನಶಂಕರಿ ಎರಡನೇ ಹಂತದ ಕೇಳುಗರೊಬ್ಬರು ನಮಗೆ ಒಂದು ಪತ್ರದ ಫೋಟೊ ಕಳಿಸಿದ್ದರು. ಇನ್ಶೂರೆನ್ಸ್ ಕಂಪನಿಯಿಂದ ಬಂದ ಪತ್ರ ಅದು. ಅವರ ಮಗಳಿಗೆ ಹನ್ನೊಂದು ವರ್ಷ, ಟೈಪ್ 1 ಮಧುಮೇಹ. ಡಾಕ್ಟರು ಇನ್ಸುಲಿನ್ ಪಂಪ್ ಬರೆದುಕೊಟ್ಟರು, ಮನೆಯವರು ಸಾಲಸೋಲ ಮಾಡಿ ತಗೊಂಡರು, ಬಿಲ್ಲು ಜೋಡಿಸಿ ಕ್ಲೈಮ್ ಹಾಕಿದರು. ಉತ್ತರ ಎರಡೇ ಸಾಲು. ದೇಹದ ಹೊರಗೆ ಇಟ್ಟುಕೊಂಡು ಬಳಸುವ, ಮನೆಯಲ್ಲಿ ಮುಂದುವರಿಸುವ ಉಪಕರಣಕ್ಕೆ ಪಾಲಿಸಿಯಲ್ಲಿ ಹಣ ಇಲ್ಲ ಅಂತ. ಆ ತಾಯಿ ನಮ್ಮನ್ನ ಕೇಳಿದ್ದು ದುಡ್ಡಿನ ವಿಷಯ ಅಲ್ಲ. ಈ ಸಾಲನ್ನ ಯಾರು ಬರೆದರು, ಯಾಕೆ ಬರೆದರು, ಯಾವ ಕಾಲದ್ದು ಇದು ಅಂತ ಕೇಳಿದ್ದರು. ಒಳ್ಳೆ ಪ್ರಶ್ನೆ ಅನ್ನಿಸಿತು. ಹಾಗಾಗಿ ಈ ಕಂತು ಆ ಒಂದು ಸಾಲಿನ ಇತಿಹಾಸ.

ಮೊದಲು ಕಾಯಿಲೆ. ನಮ್ಮ ಕಡೆ ಶುಗರ್ ಅಂದರೆ ಐವತ್ತು ದಾಟಿದವರು, ಲಾಲ್‌ಬಾಗ್‌ನಲ್ಲಿ ವಾಕಿಂಗ್, ರಾಗಿ ಮುದ್ದೆ, ಹಾಗಲಕಾಯಿ ರಸ. ಟೈಪ್ 1 ಅದಲ್ಲ. ಅದು ಹೆಚ್ಚಾಗಿ ಮಕ್ಕಳಿಗೆ ಬರುತ್ತೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನ ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡುತ್ತೆ. ಪಥ್ಯ, ಮಾತ್ರೆ ಯಾವುದೂ ಇನ್ಸುಲಿನ್‌ನ ಜಾಗ ತುಂಬಲ್ಲ. ಇನ್ಸುಲಿನ್ ನಿಂತರೆ ಕೆಲವೇ ದಿನ. 1922ರ ಜನವರಿ 11ರಂದು ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಅನ್ನೋ ಹದಿನಾಲ್ಕರ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಈ ಮಕ್ಕಳಿಗೆ ಇದ್ದ ಚಿಕಿತ್ಸೆ ಅರೆಹೊಟ್ಟೆ, ಅಷ್ಟೇ. ಮುಂದಿನ ವರ್ಷ ಪೇಟೆಂಟನ್ನ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಇದನ್ನ ಎಲ್ಲರೂ ಹೇಳ್ತಾರೆ. ಆದರೆ ಆ ಉದಾರತೆ ಔಷಧಕ್ಕೆ ಮಾತ್ರ ಸಿಕ್ಕಿತು, ಅದನ್ನ ದೇಹಕ್ಕೆ ತಲುಪಿಸುವ ಸಾಧನಕ್ಕೆ ಸಿಗಲಿಲ್ಲ ಅನ್ನೋದನ್ನ ಹೇಳೋದು ಕಡಿಮೆ.

ಸಾಧನದ ಕಥೆ 1960ರ ದಶಕದಲ್ಲಿ ಶುರು. ಲಾಸ್ ಏಂಜಲೀಸ್‌ನ ಆರ್ನಾಲ್ಡ್ ಕಾಡಿಶ್ ಅನ್ನೋ ಡಾಕ್ಟರು ಮಾಡಿದ ಪಂಪ್ ಬೆನ್ನಿಗೆ ಹಾಕುವ ಚೀಲದಷ್ಟು ದೊಡ್ಡದು. ಅದನ್ನ ಹೊತ್ತುಕೊಂಡು ಸ್ಕೂಲಿಗೆ ಹೋಗೋದನ್ನ ಊಹಿಸಿ! 1970ರ ದಶಕದಲ್ಲಿ ಡೀನ್ ಕಾಮೆನ್ ಮೈಮೇಲೆ ಧರಿಸುವಂಥ ಪಂಪ್ ಮಾಡಿದರು. 1983ರಲ್ಲಿ ಆಲ್ಫ್ರೆಡ್ ಮಾನ್ ಮಿನಿಮೆಡ್ ಕಂಪನಿ ಕಟ್ಟಿದರು, 2001ರಲ್ಲಿ ಅದನ್ನ ಮೆಡ್‌ಟ್ರಾನಿಕ್ ಕೊಂಡಿತು. ಮಧ್ಯೆ 1993ರಲ್ಲಿ ಡಿಸಿಸಿಟಿ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 1,441 ಜನ ಟೈಪ್ 1 ರೋಗಿಗಳು ಅದರಲ್ಲಿದ್ದರು. ಪಂಪ್‌ನಿಂದಲೋ ದಿನಕ್ಕೆ ಹಲವು ಇಂಜೆಕ್ಷನ್‌ಗಳಿಂದಲೋ ಸಕ್ಕರೆಯನ್ನ ಬಿಗಿಯಾಗಿ ಹಿಡಿದರೆ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇ 76ರಷ್ಟು ಕಡಿಮೆ ಆಗುತ್ತೆ ಅಂತ ಅಲ್ಲಿ ಗೊತ್ತಾಯಿತು. ಅಂದರೆ ಇವತ್ತು ಮಾಡುವ ಖರ್ಚು ಇಪ್ಪತ್ತು ವರ್ಷ ಆದಮೇಲಿನ ಕಣ್ಣು, ಕಿಡ್ನಿಯ ಖರ್ಚನ್ನ ತಪ್ಪಿಸುತ್ತೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ವಿಮೆಯ ತಕರಾರು ಇರೋದೇ ಇಲ್ಲಿ.

ಈಗ ವಿಮೆ. ನಮ್ಮ ಭಾಗಕ್ಕೆ ವಿಮೆ ಹೊಸದಲ್ಲ. 1891ರಲ್ಲೇ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವ ವಿಮೆ ತಂದಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಇವತ್ತಿನ ಕೆಜಿಐಡಿಯ ಬೇರು ಅಲ್ಲಿದೆ. 1948ರಲ್ಲಿ ರಾಜಾಜಿ ಶಂಕುಸ್ಥಾಪನೆ ಮಾಡಿದ ಜಯನಗರದಲ್ಲಿ ಸೈಟು ತಗೊಂಡು ಮನೆ ಕಟ್ಟಿದ ಎಷ್ಟೋ ಸರ್ಕಾರಿ ನೌಕರರಿಗೆ ಸಂಬಳದಲ್ಲಿ ಕೆಜಿಐಡಿ ಕಡಿತ ಅನ್ನೋದು ಹಾಲಿನ ಬಿಲ್ಲಿನಷ್ಟು ಮಾಮೂಲು. ಆದರೆ ಅದು ಸತ್ತರೆ ಅಥವಾ ನಿವೃತ್ತಿಯಾದರೆ ಬರುವ ದುಡ್ಡು. ಬದುಕಿರುವಾಗ ಕಾಯಿಲೆ ಬಿದ್ದರೆ?

ಅದಕ್ಕೆ ಮೊದಲ ದೊಡ್ಡ ಉತ್ತರ ಇಎಸ್‌ಐ. 1948ರದೇ ಕಾಯ್ದೆ. ನನ್ನ ಲೆಕ್ಕದಲ್ಲಿ, ಟೈಪ್ 1ರ ದೃಷ್ಟಿಯಿಂದ ನೋಡಿದರೆ, ಆಮೇಲೆ ಬಂದ ಎಷ್ಟೋ ಪಾಲಿಸಿಗಳಿಗಿಂತ ಅದರ ಯೋಚನೆ ಸರಿ ಇತ್ತು. ಯಾಕಂದರೆ ಇಎಸ್‌ಐನಲ್ಲಿ ಅಡ್ಮಿಟ್ ಆಗಬೇಕಿಲ್ಲ. ಡಿಸ್ಪೆನ್ಸರಿಗೆ ಹೋಗಿ ಚೀಟಿ ತೋರಿಸಿದರೆ ಔಷಧ. ದಿನಾ ಬೇಕಾಗುವ ಔಷಧಕ್ಕೆ ಹೊಂದುವ ವ್ಯವಸ್ಥೆ ಅದು. ತೊಂದರೆ ಏನಂದರೆ, ಅದಕ್ಕೆ ಸಂಬಳದ ಮಿತಿ ಇದೆ. 2017ರಿಂದ ತಿಂಗಳಿಗೆ 21,000 ರೂಪಾಯಿ. ಇನ್‌ಕ್ರಿಮೆಂಟ್ ಬಂದು ಆ ಗೆರೆ ದಾಟಿದ ಕುಟುಂಬ ಇಎಸ್‌ಐನಿಂದ ಹೊರಗೆ ಬೀಳುತ್ತೆ. ಸಂಬಳ ಸಾವಿರ ಹೆಚ್ಚಾದರೆ ಮಗುವಿನ ಇನ್ಸುಲಿನ್ ಖರ್ಚು ಅದಕ್ಕಿಂತ ಹೆಚ್ಚಾಗಬಹುದು.

ಎರಡನೇ ಉತ್ತರ ಮೆಡಿಕ್ಲೈಮ್. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕರಣ ಆಗಿ, ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕಾದವು. ಆ ನಾಲ್ಕು ಕಂಪನಿಗಳು 1986ರಲ್ಲಿ ಮೆಡಿಕ್ಲೈಮ್ ಪಾಲಿಸಿ ತಂದವು. ಅದನ್ನ ರೂಪಿಸಿದವರ ತಲೆಯಲ್ಲಿ ಇದ್ದದ್ದು ಬೆಂಕಿ ವಿಮೆ, ಮೋಟಾರು ವಿಮೆಯ ಲೆಕ್ಕ. ಅನಾಹುತ ಅಂದರೆ ಯಾವಾಗಲೋ ಒಂದು ಸಲ ಆಗೋದು. ಅದು ಆದ ತಾರೀಖು ಇರಬೇಕು, ಮುಗಿದ ತಾರೀಖು ಇರಬೇಕು. ಹಾಗಾಗಿ 24 ಗಂಟೆ ಆಸ್ಪತ್ರೆಯಲ್ಲಿ ಮಲಗಿರಬೇಕು ಅನ್ನೋ ಷರತ್ತು. ಅಪೆಂಡಿಕ್ಸ್‌ಗೆ ಇದು ಚೆನ್ನಾಗಿ ಹೊಂದುತ್ತೆ. ದಿನದ 24 ಗಂಟೆಯೂ ಇರುವ, ಆಸ್ಪತ್ರೆಗೆ ಹೋಗದೇ ಇರೋದೇ ಚಿಕಿತ್ಸೆಯ ಯಶಸ್ಸು ಅನ್ನಿಸಿಕೊಳ್ಳುವ ಕಾಯಿಲೆಗೆ ಹೊಂದಲ್ಲ.

ಆ ಸಾಲು ಇದರ ಒಳಗಿಂದಲೇ ಬೆಳೆದದ್ದು. ಸರ್ಕಾರಿ ಕಂಪನಿಗಳ ಮೆಡಿಕ್ಲೈಮ್ ಪಾಲಿಸಿಯಲ್ಲಿ ಹೊರಗಿಡುವ ವಸ್ತುಗಳ ಒಂದು ಉದ್ದನೆಯ ವಾಕ್ಯ ಇದೆ. ಊರುಗೋಲು, ವಾಕರ್, ಸಿಪ್ಯಾಪ್, ಆಕ್ಸಿಜನ್ ಕಾನ್ಸಂಟ್ರೇಟರ್, ಇನ್ಫ್ಯೂಷನ್ ಪಂಪ್, ಗ್ಲುಕೊಮೀಟರ್, ಥರ್ಮಾಮೀಟರ್, ಮಧುಮೇಹಿಗಳ ಚಪ್ಪಲಿ... ಕೊನೆಯಲ್ಲಿ, ಆಮೇಲೆ ಮನೆಯಲ್ಲಿ ಬಳಸುವ ಯಾವುದೇ ಉಪಕರಣ ಅಂತ. ಇದರ ಹಿಂದಿನ ಭಯ ಅರ್ಥ ಆಗುತ್ತೆ. ಆಸ್ಪತ್ರೆ ಬಿಲ್ಲಿನಲ್ಲಿ ಮನೆಗೆ ಬೇಕಾದ ಸಾಮಾನನ್ನೆಲ್ಲ ತುಂಬಿಸಿಬಿಡ್ತಾರೆ ಅಂತ. ಥರ್ಮಾಮೀಟರ್ ವಿಷಯದಲ್ಲಿ ಆ ಭಯ ನ್ಯಾಯವೇ. 2013ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯ ವಿಮೆಯ ನಿಯಮಗಳನ್ನ ಏಕರೂಪ ಮಾಡಿದಾಗ, ಹಣ ಕೊಡಬೇಕಿಲ್ಲದ ಸುಮಾರು 200 ಬಾಬತ್ತುಗಳ ಪಟ್ಟಿ ಬಂತು. ಅದರಲ್ಲೂ ಇನ್ಫ್ಯೂಷನ್ ಪಂಪ್‌ನ ಬೆಲೆ ಇತ್ತು, ಮಧುಮೇಹಿಗಳ ಚಪ್ಪಲಿ ಇತ್ತು. ವಾರ್ಡಿನಲ್ಲಿ ಮಂಚದ ಪಕ್ಕ ಕಂಬಕ್ಕೆ ಸಿಕ್ಕಿಸುವ ಪಂಪೂ ಇನ್ಫ್ಯೂಷನ್ ಪಂಪೇ, ಮಗುವಿನ ಸೊಂಟದಲ್ಲಿ ಇರೋದೂ ಅದೇ. ಹೆಸರು ಒಂದಾದ್ದರಿಂದ ಗತಿಯೂ ಒಂದಾಯಿತು.

ಜಯನಗರ ಒಂಬತ್ತನೇ ಬ್ಲಾಕಿನ ಹತ್ತಿರ ಜಯದೇವ ಹೃದ್ರೋಗ ಸಂಸ್ಥೆ ಇದೆಯಲ್ಲ, ಅಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರ ಕ್ಲೈಮನ್ನ ಇದರ ಪಕ್ಕದಲ್ಲಿಟ್ಟು ನೋಡಿ. ಅದೂ ಬ್ಯಾಟರಿಯಲ್ಲಿ ನಡೆಯುವ ಯಂತ್ರ, ಅದನ್ನೂ ಮನೆಗೆ ತಗೊಂಡೇ ಹೋಗ್ತಾರೆ, ಜೀವನಪೂರ್ತಿ ಬಳಸ್ತಾರೆ. ವಿಮೆ ಅದಕ್ಕೆ ದುಡ್ಡು ಕೊಡುತ್ತೆ. ವ್ಯತ್ಯಾಸ ಅಂದರೆ ಅದು ಚರ್ಮದ ಒಳಗಿದೆ. ಹಾಕೋದಕ್ಕೆ ಆಪರೇಷನ್ ಬೇಕು, ಆಪರೇಷನ್‌ಗೆ ಅಡ್ಮಿಷನ್ ಬೇಕು. ಇನ್ಸುಲಿನ್ ಪಂಪ್‌ನ ತಪ್ಪು ಇಷ್ಟೇ, ಅದನ್ನ ಅಮ್ಮನೇ ಮನೆಯಲ್ಲಿ ಹಾಕಬಹುದು.

ಪಂಪ್‌ನ ಬೆಲೆ ಲಕ್ಷಗಳ ಲೆಕ್ಕ. ಆದರೆ ಕುಟುಂಬಗಳನ್ನ ಸುಸ್ತು ಮಾಡೋದು ಅದಲ್ಲ, ಒಂದು ಸಲದ ದುಡ್ಡನ್ನ ಹೇಗೋ ಹೊಂದಿಸ್ತಾರೆ. ಆಮೇಲಿನ ಸಾಮಾನೇ ಕಷ್ಟ. ಚರ್ಮದ ಕೆಳಗೆ ಕೂರುವ ಸಣ್ಣ ನಳಿಕೆ ಮತ್ತು ಪೈಪು, ಅಂದರೆ ಇನ್ಫ್ಯೂಷನ್ ಸೆಟ್, ಎರಡು ಮೂರು ದಿನಕ್ಕೊಮ್ಮೆ ಬದಲಾಗಬೇಕು. ಮೂರು ದಿನ ಅಂತಲೇ ಹಿಡಿದರೂ ವರ್ಷಕ್ಕೆ 120ಕ್ಕೂ ಹೆಚ್ಚು. ಇನ್ಸುಲಿನ್ ತುಂಬುವ ರಿಸರ್ವಾಯರ್ ಬೇರೆ. ಸಕ್ಕರೆ ಅಳೆಯುವ ಸೆನ್ಸರ್ ಬೇರೆ, ಮಾದರಿ ನೋಡಿಕೊಂಡು ಏಳು ದಿನಕ್ಕೋ ಹದಿನಾಲ್ಕು ದಿನಕ್ಕೋ ಒಂದು. ಬಿಟಿಎಂನಲ್ಲಿ, ಜೆಪಿ ನಗರದಲ್ಲಿ ಗಲ್ಲಿಗೊಂದು ಮೆಡಿಕಲ್ ಶಾಪ್ ಇದ್ದರೂ ಈ ಸಾಮಾನು ಅಲ್ಲಿ ಸಾಮಾನ್ಯವಾಗಿ ಸಿಗಲ್ಲ, ವಿತರಕರ ಹತ್ತಿರ ಆರ್ಡರ್ ಹಾಕಬೇಕು. ದುಡ್ಡು ಉಳಿಸೋಕೆ ಮೂರು ದಿನದ ಸೆಟ್ಟನ್ನ ಐದು ದಿನ ಎಳೆಯುವವರಿದ್ದಾರೆ. ಬೈಯೋಕೆ ಮನಸ್ಸು ಬರಲ್ಲ. ಆದರೆ ಅಪಾಯ ನಿಜ. ಪಂಪ್‌ನಲ್ಲಿ ಇರೋದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ನಳಿಕೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರೋಕೆ ಶುರು. ಆಗ ಐಸಿಯು. ತಮಾಷೆ ನೋಡಿ, ಆ ಐಸಿಯುಗೆ ವಿಮೆ ಇದೆ, ಅದನ್ನ ತಪ್ಪಿಸುವ ನಳಿಕೆಗೆ ಇಲ್ಲ.

ಇನ್ನೊಂದು ಗಂಟು ನಮ್ಮ ದೇಶದ್ದೇ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. ಪಂಪ್‌ಗಳು ಲೆಕ್ಕ ಹಾಕೋದು 100 ಯೂನಿಟ್‌ನ ಇನ್ಸುಲಿನ್‌ಗೆ. ಪುಕ್ಕಟೆಯದನ್ನ ಪಂಪ್‌ಗೆ ಹಾಕುವಂತಿಲ್ಲ, ಹಾಕಿದರೆ ಡೋಸ್ ಅರ್ಧಕ್ಕಿಂತ ಕಡಿಮೆ ಆಗುತ್ತೆ. ಬೆಂಗಳೂರಿನದೇ ಬಯೋಕಾನ್ 2004ರಲ್ಲಿ ಇನ್ಸುಜೆನ್ ತಂದ ಮೇಲೆ ಮಾನವ ಇನ್ಸುಲಿನ್ ಇಲ್ಲೇ ತಯಾರಾಗೋಕೆ ಶುರುವಾಯಿತು. ನಗರದ ಒಂದು ತುದಿಯಲ್ಲಿ ಇನ್ಸುಲಿನ್ ತಯಾರಾಗುತ್ತೆ, ಇನ್ನೊಂದು ತುದಿಯಲ್ಲಿ ಅದನ್ನ ಮೈಗೆ ಸೇರಿಸುವ ಪ್ಲಾಸ್ಟಿಕ್ ನಳಿಕೆ ವಿದೇಶದಿಂದ ಬರಬೇಕು.

ಈ ಮಕ್ಕಳು ಎಷ್ಟು ಜನ ಅಂತ ನೀವು ಕೇಳಬಹುದು. ಕರ್ನಾಟಕದ ಮಧುಮೇಹ ನೋಂದಣಿ 1995ರಿಂದ 2008ರವರೆಗೆ ಲೆಕ್ಕ ಇಟ್ಟಿತ್ತು. ಲಕ್ಷಕ್ಕೆ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4. ಸಣ್ಣ ಸಂಖ್ಯೆ. ಸಣ್ಣ ಸಂಖ್ಯೆಗೆ ಓಟೂ ಕಡಿಮೆ. ಹಾಗಾಗಿ ಭಾರ ಹೊತ್ತವರು ಕೆಲವು ವೈದ್ಯರು, ಟ್ರಸ್ಟ್‌ಗಳು. ಜೆಪಿ ನಗರದ ಸಮತ್ವಂ ಅಂಥದ್ದು. ಅದನ್ನ ಕಟ್ಟಿದ ಡಾ. ಶ್ರೀಕಾಂತ ಅವರು 1980ರ ದಶಕದಲ್ಲಿ ಬಾಸ್ಟನ್‌ನಲ್ಲಿ, ಟೈಪ್ 1 ಕಾಣಿಸಿಕೊಳ್ಳುವ ಮೊದಲೇ ರಕ್ತದಲ್ಲಿ ಅದರ ಸುಳಿವು ಹುಡುಕುವ ಸಂಶೋಧನೆ ಮಾಡಿದವರು. ಇಲ್ಲಿಗೆ ಬಂದು ಬಡ ಮಕ್ಕಳಿಗೆ ಉಚಿತ ಇನ್ಸುಲಿನ್ ಕೊಡುವ ಕೆಲಸಕ್ಕೆ ನಿಂತರು. ಇಂಥವರಿಂದ ಮಕ್ಕಳು ಬದುಕಿದ್ದಾರೆ. ಆದರೆ ವರ್ಷಕ್ಕೆ 120 ಸೆಟ್ಟು, ಜೀವಮಾನಪೂರ್ತಿ, ದಾನದಿಂದ ನಡೆಯೋದು ಕಷ್ಟ.

ರಾಜ್ಯ ಸರ್ಕಾರದ ಯೋಜನೆಗಳೂ ಆಪರೇಷನ್ ಟೇಬಲ್ ಸುತ್ತಲೇ ಬೆಳೆದವು. 2003ರಲ್ಲಿ ಕೆಲಸ ಶುರು ಮಾಡಿದ ಯಶಸ್ವಿನಿ ವರ್ಷಕ್ಕೆ 60 ರೂಪಾಯಿಗೆ ಸಹಕಾರ ಸಂಘದ ರೈತರಿಗೆ ಶಸ್ತ್ರಚಿಕಿತ್ಸೆ ಕೊಟ್ಟಿತು. ದೊಡ್ಡ ಕೆಲಸ ಅದು, ಅನುಮಾನ ಬೇಡ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಂತ ಹೇಳಿತು, ಆದರೆ ಅದೂ ಆಸ್ಪತ್ರೆಯ ಪ್ಯಾಕೇಜ್‌ಗಳ ಲೆಕ್ಕ. ಆದಾಯ ತೆರಿಗೆಯ 80ಡಿಡಿಬಿ ಪಟ್ಟಿಯಲ್ಲಿ ಹಿಮೊಫಿಲಿಯಾ, ಥಲಸ್ಸೇಮಿಯಾ ಇವೆ, ಟೈಪ್ 1 ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲೂ ಇಲ್ಲ.

ಹಂಗಂತ ಏನೂ ಬದಲಾಗಿಲ್ಲ ಅಂತಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ನಾಲ್ಕು ವರ್ಷ ಇದ್ದದ್ದು 2024ರ ಏಪ್ರಿಲ್‌ನಿಂದ ಗರಿಷ್ಠ ಮೂರು ವರ್ಷ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಗ್ಲುಕೊಮೀಟರ್, ಸ್ಟ್ರಿಪ್‌ಗಳಿಗೆ ಶೇ 5ಕ್ಕೆ ಇಳಿದಿದೆ. ಬಿಟಿಎಂ, ಜೆಪಿ ನಗರದ ಐಟಿ ಮನೆಗಳಿಗೆ ಕಂಪನಿಯ ಗ್ರೂಪ್ ಪಾಲಿಸಿ ಇರುತ್ತೆ. ಅದು ಸಾಮಾನ್ಯವಾಗಿ ಮೊದಲ ದಿನದಿಂದಲೇ ಹಳೇ ಕಾಯಿಲೆಯನ್ನೂ ಒಪ್ಪುತ್ತೆ. ಕೆಲವದರಲ್ಲಿ ಹೊರರೋಗಿ ಖರ್ಚಿನ ಸೌಲಭ್ಯವೂ ಇರುತ್ತೆ, ಎಚ್‌ಆರ್ ಹತ್ತಿರ ಅದನ್ನ ಬಾಯಿಮಾತಲ್ಲಿ ಅಲ್ಲ, ಬರವಣಿಗೆಯಲ್ಲಿ ಕೇಳಿ. ಕೆಲಸ ಬಿಡುವ ಮುಂಚೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅರ್ಜಿ ಹಾಕಿ. ಲೇಆಫ್ ಆದ ಮೇಲೆ ಓಡಾಡೋದು ತಡ.

ಆ ತಾಯಿಗೆ ಇನ್ನೊಂದು ವಿಷಯ. ವಿಮಾ ಓಂಬುಡ್ಸ್‌ಮನ್ ಕಚೇರಿ ನಿಮ್ಮ ಮನೆಯಿಂದ ದೂರ ಇಲ್ಲ, ಜೆಪಿ ನಗರ ಒಂದನೇ ಹಂತದ 24ನೇ ಮೇನ್ ರೋಡ್‌ನ ಜೀವನ ಸೌಧದಲ್ಲಿದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ವರ್ಷದ ಒಳಗೆ ಇಲ್ಲಿಗೆ. ಫೀಸಿಲ್ಲ, ವಕೀಲರೂ ಬೇಡ. ಪಾಲಿಸಿಯಲ್ಲಿ ಪಂಪ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರೆ ಗೆಲ್ಲೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ. ಆದರೆ ಪಾಲಿಸಿಯ ಪೂರ್ತಿ ಪಠ್ಯ ತರಿಸಿಕೊಂಡು ಓದಿ. ಅದರಲ್ಲಿ ಇಲ್ಲದ ಮಾತನ್ನ ಪತ್ರದಲ್ಲಿ ಬರೆದಿದ್ದರೆ ಅದು ಜಗಳ ಆಡಬೇಕಾದ ವಿಷಯ.

ಕೊನೆಗೆ ಮಂಗಳೂರಿನ ಆಚೆಗೆ ಒಂದು ಸಣ್ಣ ಪ್ರಯಾಣ. ಕೇರಳ 2018ರಲ್ಲಿ ಮಿಠಾಯಿ ಅನ್ನೋ ಯೋಜನೆ ತಂದಿತು. ಸಕ್ಕರೆ ಕಾಯಿಲೆಯ ಮಕ್ಕಳ ಯೋಜನೆಗೆ ಮಿಠಾಯಿ ಅಂತ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಟೈಪ್ 1 ಮಕ್ಕಳಿಗೆ ಇನ್ಸುಲಿನ್, ಆಯ್ದ ಮಕ್ಕಳಿಗೆ ಸೆನ್ಸರ್, ಪಂಪ್ ಕೂಡ ಸರ್ಕಾರದ ಖರ್ಚಿನಲ್ಲಿ. ಆಸ್ಪತ್ರೆಯಲ್ಲಿ ಮಲಗಬೇಕು ಅನ್ನೋ ಷರತ್ತು ಇಲ್ಲ, ಯಾಕಂದರೆ ಅದು ವಿಮೆಯೇ ಅಲ್ಲ, ಸಾಮಾಜಿಕ ಸುರಕ್ಷಾ ಮಿಷನ್‌ನ ಯೋಜನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು ಅಂತ ನಾವು ಇವತ್ತಿಗೂ ನೊಂದುಕೊಳ್ತೀವಿ. ಮಂಜೇಶ್ವರದಲ್ಲಿ ಕನ್ನಡ ಶಾಲೆಗೆ ಹೋಗುವ ಮಗು ಈ ಯೋಜನೆಗೆ ಅರ್ಜಿ ಹಾಕಬಹುದು. ತಲಪಾಡಿ ಗೇಟಿನ ಈಚೆ, ಅದೇ ಪಾಠ ಓದುವ ಮಗುವಿನ ಅಪ್ಪ ಅಮ್ಮ ವಿತರಕರಿಗೆ ಫೋನ್ ಮಾಡಿ ಈ ತಿಂಗಳು ಹತ್ತರ ಬದಲು ಆರು ಸೆಟ್ ಕಳಿಸಿ ಅಂತ ಹೇಳಬೇಕಾಗುತ್ತೆ.