ಶೀತಭೀರು: ಮಲ್ಲಿಕೆಯ ಒಂದು ಪರ್ಯಾಯನಾಮದ ವಿಚಾರ

ಅಮರಸಿಂಹನು ವನೌಷಧಿವರ್ಗದಲ್ಲಿ ಮಲ್ಲಿಕೆಗೆ ಹೇಳಿರುವ ಪರ್ಯಾಯನಾಮಗಳಲ್ಲಿ ‘ಶೀತಭೀರು’ ಎಂಬುದೊಂದು. ಶೀತಕ್ಕೆ ಅಂಜುವುದೆಂದು ಇದರ ಅರ್ಥವು. ಅದೇ ವರ್ಗದಲ್ಲಿ ಕುಂದಕ್ಕೆ ‘ಮಾಘ್ಯ’, ಎಂದರೆ ಮಾಘಮಾಸದಲ್ಲಿ ಅರಳುವುದು, ಎಂಬ ಹೆಸರುಂಟು. ಟಿಪ್ಪಣಿಕಾರರು ಇವೆರಡನ್ನೂ ‘ಮಲ್ಲಿಗೆ’ಯೆಂದೇ ಬರೆದುಬಿಟ್ಟರೆ ಗ್ರೀಷ್ಮವರ್ಣನೆಗೂ ಶಿಶಿರವರ್ಣನೆಗೂ ಇರುವ ಭೇದವು ಅಳಿದುಹೋಗುವುದು.

ಶೀತಭೀರುತ್ವವು ಕವಿಕಲ್ಪನೆಯೋ ವಸ್ತುಸ್ಥಿತಿಯೋ ಎಂಬುದಕ್ಕೆ ತೋಟಗಾರಿಕೆಯ ಚರಿತ್ರವೇ ಸಾಕ್ಷಿ. ಮಂಗಳೂರಿನ ಪೇಟೆಗೆ ಅಟ್ಟೆ, ಚೆಂಡುಗಳ ಲೆಕ್ಕದಲ್ಲಿ ಬರುವ ಶಂಕರಪುರದ ಮಲ್ಲಿಗೆಯು ಮಲ್ಲಿಕಾಜಾತಿಯದೇ. 2007-08ರಲ್ಲಿ ‘ಉಡುಪಿ ಮಲ್ಲಿಗೆ’ಯೆಂದು ಭೌಗೋಳಿಕ ಸೂಚಕವನ್ನು ಪಡೆದುದೂ ಇದೇ. ಕರಾವಳಿಯ ಸೆಕೆಯಲ್ಲಿ ಇದು ಹುಲುಸಾಗಿ ಅರಳುವುದು; ಚಳಿ ಬಿದ್ದರೆ ಮೊಗ್ಗು ಕುಗ್ಗುವುದು. ಇದು ಬೀಜಗಟ್ಟುವುದು ಅತಿ ವಿರಳ. ಗೆಲ್ಲು ನೆಟ್ಟೇ ಸಸಿ ಮಾಡುವರು. ಆದಕಾರಣ ಸಂಕರದಿಂದ ಚಳಿ ತಾಳುವ ತಳಿಯನ್ನು ಪಡೆಯುವುದು ದುಸ್ಸಾಧ್ಯವು.

ಯುರೋಪಿನ ಶೀತದೇಶಗಳಲ್ಲಿ ಇದನ್ನು ಗಾಜಿನ ಮನೆಯೊಳಗೇ ಕಾಪಾಡಬೇಕಾಯಿತು. ಬಯಲು ತೋಟಗಳಿಗೆ ಅಲ್ಲಿಯವರು ಬೇರೆ ಜಾತಿಗಳನ್ನು ಅರಸಿದರು. 1844ರಲ್ಲಿ ರಾಬರ್ಟ್ ಫಾರ್ಚ್ಯೂನನು ಚೀನದಿಂದ ತಂದ ಹಳದಿ ಮಲ್ಲಿಗೆಯು ಚಳಿಗಾಲದಲ್ಲಿಯೇ ಅರಳುವುದು. ಆದರೆ ಅದಕ್ಕೆ ಪರಿಮಳವಿಲ್ಲ. 20ನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಸ್ಟೆಫನೆನ್ಸ್’ ಎಂಬ ಸಂಕರ ಬಳ್ಳಿಯು ಚಳಿಯನ್ನೂ ಸಹಿಸುವುದು, ಪರಿಮಳವನ್ನೂ ಬೀರುವುದು. ಆದರೆ ಅದರ ಜನಕಜಾತಿಗಳು ಬೀಸಿಯಾನಮ್, ಅಫಿಸಿನಾಲೆ ಎಂಬವು, ಮಲ್ಲಿಕೆಯಲ್ಲ.

ಹೀಗೆ ‘ಶೀತಭೀರು’ ಎಂಬುದು ಅಲಂಕಾರವಲ್ಲ, ಪ್ರತ್ಯಕ್ಷಮೂಲವಾದ ಲಕ್ಷಣವು. ಕಾವ್ಯಬೋಧಕರು ಕುಂದವನ್ನು ಕುಂದವೆಂದೇ, ಮಲ್ಲಿಕೆಯನ್ನು ಮಲ್ಲಿಗೆಯೆಂದೇ ಹೇಳಿದರೆ ಕವಿಯ ಋತುಜ್ಞಾನವು ವಿದ್ಯಾರ್ಥಿಗೆ ಗೋಚರವಾಗುವುದು.